ಅಪ್ಪ ಹಳದಿಯಾಗಿ ಬರುತ್ತಿದ್ದ ದಿನಗಳು

ನಾನು ಚಿಕ್ಕವಳಿದ್ದಾಗ ಬೇಸಿಗೆ ಬಂತೆಂದರೆ ನಮ್ಮಪ್ಪ ಹಳದಿ ಬಣ್ಣಕ್ಕೆ ತಿರುಗುತ್ತಿದ್ದ. ಹುಬ್ಬು, ಮೀಸೆ, ಕಿವಿಯ ಸುರುಳಿ, ಧೋತರ, ಕೊನೆಗೆ ಅವನು ಒರಗಿ ಕೂರುತ್ತಿದ್ದ ಗೋಡೆ ಕೂಡ ಹಳದಿ. ರಾಯಬಾಗದ ಕಡೆಯ ನಮ್ಮೂರಲ್ಲಿ ಕಬ್ಬಿನ ನಡುನಡುವೆ ಅರಿಶಿನದ ಹೊಲಗಳಿವೆ. ಕುದಿಸಿ ಒಣಗಿಸಿದ ಅರಿಶಿನದ ಕೊಂಬು ಮಣ್ಣು ಮೆತ್ತಿಕೊಂಡು, ನೋಡಿದವರು ಮೂಗು ಮುರಿಯುವ ಹಾಗಿರುತ್ತದೆ. ಅದನ್ನು ತೂತುಗಳಿರುವ ದೊಡ್ಡ ಕಬ್ಬಿಣದ ಡ್ರಮ್ಮಿಗೆ ತುಂಬಿ ಗರಗರ ತಿರುಗಿಸಿದರೆ ಸಿಪ್ಪೆ, ಬೇರು, ಮಣ್ಣೆಲ್ಲ ಉದುರಿ ಹೊಳೆಯುವ ಕೊಂಬು ಹೊರಗೆ ಬರುತ್ತದೆ. ಉದುರಿದ್ದು ಗಾಳಿಗೆ ಏಳುತ್ತದೆ. ಆ ಗಾಳಿಯೊಳಗೆ ನಿಂತು ಡ್ರಮ್ಮು ನಡೆಸುವುದು ಅಪ್ಪನ ಕೆಲಸ. ಕುಡಚಿಯವರೆಗೂ ಯಾರ ಕಣದಲ್ಲಿ ಕೊಂಬು ಒಣಗಿದರೂ ಅವನಿಗೇ ಕರೆ ಬರುತ್ತಿತ್ತು.

ಸಂಜೆ ಅವನು ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ನಾನೂ ತಮ್ಮನೂ ಓಡಿಹೋಗಿ ತೆಕ್ಕೆ ಬೀಳುತ್ತಿದ್ದೆವು. ಮರುದಿನ ಶಾಲೆಯಲ್ಲಿ ಹುಡುಗಿಯರು, "ಯಾರ ಲಗ್ನ ಬೇ ನಿಮ್ಮನ್ಯಾಗ? ದಿನಾ ಅರಿಷಿಣ ಹಚ್ಕೊಂಡ ಬರ್ತಿ" ಎಂದು ಕಾಡುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಬ್ಬರ ಜಡೆ ಜಗ್ಗಿದ್ದೇನೆ. ಆದರೂ ಒಳಗೊಳಗೆ ಹೆಮ್ಮೆಯಿತ್ತು.

ಡ್ರಮ್ಮಿನ ಬಳಿ ದುಡಿಯುವ ಉಳಿದವರು ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದರು. ಅಪ್ಪ ಅವರನ್ನು ಕಂಡು ನಗುತ್ತಿದ್ದ.

"ಕಳ್ಳರಂಗ ಮಾರಿ ಯಾಕ ಮುಚ್ಕೋತೀರಿ? ಇದೇನ ಸಿಮೆಂಟ ಐತೇನ? ಅರಿಷಿಣ. ಔಷಧ. ಎದಿಗೆ ಚಲೋ!"

ಗಾಯಕ್ಕೆ ಅರಿಶಿನ, ನೆಗಡಿಗೆ ಅರಿಶಿನ, ದೇವರಿಗೂ ಅರಿಶಿನ; ಅದನ್ನು ಕೆಟ್ಟದ್ದೆನ್ನಲು ಯಾರಿಗೆ ಬಾಯಿ ಬರುತ್ತದೆ? ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ದುಡಿಯಲು ಹೋಗುತ್ತಿದ್ದ ನಮ್ಮ ಚಿಕ್ಕಮ್ಮ ಸೀನುತ್ತ ಊರಿಗೆ ಬಂದರೆ ಅಪ್ಪನೇ ಮರುಗುತ್ತಿದ್ದ. "ನೀ ಕುಡ್ಯೂದು ವಿಷದ ಗಾಳಿ ಐತವ್ವಾ. ನನ್ನ ಪುಣ್ಯಾ, ನನ್ನ ಕೆಲಸ ಅಂಥಾದ್ದಲ್ಲ" ಎನ್ನುತ್ತಿದ್ದ.

ಅವನಿಗೇ ಕೆಮ್ಮು ಹತ್ತಿದಾಗ ಅವ್ವ ಮಾಡಿದ್ದೇನು? ಬಿಸಿ ಹಾಲಿಗೆ ಅರಿಶಿನ ಹಾಕಿ ಕೊಟ್ಟಳು. ಕೆಮ್ಮು ಹೆಚ್ಚಾದಾಗ ಅರಿಶಿನವನ್ನೂ ಹೆಚ್ಚು ಮಾಡಿದಳು. ಇದನ್ನು ಬರೆಯುವಾಗ ಮೊದಲು ನಗು ಬರುತ್ತದೆ, ಆಮೇಲೆ ಅಳು.

ನಾನು ಲಗ್ನವಾಗಿ ಚಿಕ್ಕೋಡಿಗೆ ಬಂದೆ. ಡ್ರಮ್ಮಿಗೆ ಟ್ರ್ಯಾಕ್ಟರ್ ಜೋಡಿಸಿದರು. ವೇಗ ಹೆಚ್ಚಿತು, ಧೂಳೂ ಹೆಚ್ಚಿತು. ನನ್ನನ್ನು ನೋಡಲು ಬಂದರೆ ಅಪ್ಪ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆ ಮುಟ್ಟುವಷ್ಟರಲ್ಲಿ ಮೂರು ಕಡೆ ಕೂರತೊಡಗಿದ. ಕಳೆದ ವರ್ಷ ಹಠ ಹಿಡಿದು ಡಾಕ್ಟರ ಬಳಿ ಕರೆದೊಯ್ದೆ. ಎದೆಯ ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಏನು ಕೆಲಸ ಎಂದು ಕೇಳಿದರು. ಅಪ್ಪ ದೊಡ್ಡ ಗತ್ತಿನಲ್ಲಿ, "ಅರಿಷಿಣದ್ದರಿ" ಎಂದ.

"ಅಜ್ಜಾರ, ಔಷಧ ಬಾಯಾಗ ಹೋಗಬೇಕ್ರಿ. ಉಸಿರಿನಾಗ ಹೋದ್ರ ಅರಿಷಿಣಾನೂ ಧೂಳ, ಮಣ್ಣೂ ಧೂಳ."

ಹೋದ ಉಸಿರು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದು ಹೇಳಿ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಅಪ್ಪ ನನ್ನ ಕೈ ಹಿಡಿದುಕೊಂಡ. "ಊರಾಗ ವಯಸ್ಸಿನ ದಮ್ಮು ಅಂತ ಹೇಳು. ಇದೆಲ್ಲಾ ಬ್ಯಾಡ" ಎಂದ. ಜೀವನವಿಡೀ ಆಡಿದ ಮಾತು ಸುಳ್ಳಾಯಿತಲ್ಲ, ಆ ನಾಚಿಕೆ ಅವನಿಗೆ. ನಾನು ಒಪ್ಪಿಕೊಂಡೆ. ಅದು ನನ್ನ ತಪ್ಪು.

ಏಕೆಂದರೆ ಡ್ರಮ್ಮು ಆಗಲೇ ತಮ್ಮನ ಕೈಗೆ ಹೋಗಿತ್ತು. ಅವನೀಗ ಎರಡು ಮಕ್ಕಳ ತಂದೆ. ಈ ಬೇಸಿಗೆ ನಾನು ತವರಿಗೆ ಹೋದಾಗ ಮನೆಯ ಹಿಂದಿನ ಕಣದಲ್ಲೇ ಡ್ರಮ್ಮು ತಿರುಗುತ್ತಿತ್ತು. ಆ ವಾಸನೆ ಮೂಗಿಗೆ ಬಡಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಆಮೇಲೆ ತಮ್ಮನ ಬರಿ ಮೂಗು ಕಂಡಿತು. ಚಿಕ್ಕೋಡಿಯಿಂದ ತಂದಿದ್ದ ದಪ್ಪ ಮಾಸ್ಕು ಕೊಟ್ಟೆ. ಅವನು ಹಲ್ಲು ಕಿರಿದ.

"ಅಕ್ಕಾ, ಇದೇನ ಸಿಮೆಂಟ ಐತೇನ? ಅರಿಷಿಣ. ಔಷಧ. ಎದಿಗೆ ಚಲೋ!"

ಅದೇ ಮಾತು, ಅದೇ ಧಾಟಿ. ಹಿತ್ತಲ ಬಾಗಿಲಲ್ಲಿ ಕುಳಿತಿದ್ದ ಅಪ್ಪನಿಗೂ ಕೇಳಿಸಿತು. ಅವನು ಏನೋ ಕೂಗಿದ. ದನಿ ಡ್ರಮ್ಮಿನ ಸದ್ದು ದಾಟಲಿಲ್ಲ. ಎದ್ದು ಬಂದ. ಇಪ್ಪತ್ತು ಹೆಜ್ಜೆಯ ದಾರಿಯಲ್ಲಿ ಎರಡು ಸಲ ನಿಂತ. ಟ್ರ್ಯಾಕ್ಟರ್ ಬಂದ್ ಮಾಡಿಸಿ, ತಮ್ಮನ ಕುತ್ತಿಗೆ ಹಿಡಿದು ಬಗ್ಗಿಸಿ, ಅವನ ಕಿವಿಯನ್ನು ತನ್ನ ಎದೆಗೆ ಒತ್ತಿಕೊಂಡ. ಒಳಗಿನ ಸುಂಯ್ ಸುಂಯ್ ಸದ್ದು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಕೇಳಿದೇನ? ಇಷ್ಟ ವರ್ಷದ ಔಷಧ ಐತಿ ಇದರಾಗ. ವಯಸ್ಸಿಂದಲ್ಲ ಇದು. ನಾ ತಪ್ಪ ಹೇಳಿದ್ನಿ, ಮಗಾ. ಗೊತ್ತಿಲ್ಲದ ಹೇಳಿದ್ನಿ."

ತಮ್ಮ ತಲೆ ಎತ್ತಿದ. ನನ್ನ ಕಡೆ ನೋಡದೆ ಕೈ ಚಾಚಿದ. ಮಾಸ್ಕು ಕೊಟ್ಟೆ.

ಸಂಜೆ ಅವ್ವ ಎಂದಿನಂತೆ ಅರಿಶಿನದ ಹಾಲು ತಂದಳು, ಅಪ್ಪ ಎಂದಿನಂತೆ ಕುಡಿದ. ಅಷ್ಟರಲ್ಲಿ ತಮ್ಮ ಒಳಗೆ ಬಂದು ಮಾಸ್ಕು ತೆಗೆದ. ಹುಬ್ಬು, ಹಣೆ, ಕಿವಿ ಎಲ್ಲ ಹಳದಿ. ಮೂಗು ಬಾಯಿಯ ಸುತ್ತ ಮಾತ್ರ ಅವನ ಸ್ವಂತ ಬಣ್ಣ. ಅವನ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಪ್ಪ ನಗಲಿಲ್ಲ. ಮಗನನ್ನು ಹತ್ತಿರ ಕರೆದು, ಅವನ ಮೂಗಿನ ಕೆಳಗೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಅದರಲ್ಲಿ ಹಳದಿ ಇರಲಿಲ್ಲ.