ಅತ್ತೆ ಬರುವ ದಿನವೇ ಬಿಚ್ಚಿದ ಚಕ್ರ

"ಇನ್ನೇನು, ಆಯ್ತು ಕಣೇ" ಎಂಬ ದನಿ ಕಾರಿನ ಪಕ್ಕದಿಂದ ಬಂದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನ ತಿಂಡಿಯಿಂದಲೂ ಆಗುತ್ತಲೇ ಇತ್ತು. ಈಗ ಊಟದ ಹೊತ್ತೂ ಮೀರಿತ್ತು. ಮುಂದಿನ ಎರಡೂ ಚಕ್ರ ಕಳಚಿಕೊಂಡ ಕಾರು ಮನೆಯ ಮುಂದೆ ಸ್ಟ್ಯಾಂಡುಗಳ ಮೇಲೆ ಮೂಗೆತ್ತಿ ನಿಂತಿತ್ತು. ಅದರ ಪಕ್ಕದಲ್ಲಿ ಹಳೇ ಪೇಪರ್ ಹಾಸಿಕೊಂಡು ಅವಳ ಗಂಡ ಒಂದೊಂದೇ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಾಲಾಗಿ ಇಡುತ್ತಿದ್ದ. ಹಾಗೆ ಇಟ್ಟದ್ದು ಎಲ್ಲಿ ಸೊಟ್ಟಗಿದೆಯೋ ಎಂದು ಮತ್ತೆ ನೇರ ಮಾಡುತ್ತಿದ್ದ.

ಮಹಾನುಭಾವನ ಕೆಲಸವೇ ಅದು. ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ಅಲ್ಲಿ ಎಲ್ಲರೂ ಅವನನ್ನು ಕರೆಯುವುದು ಪ್ರೂಫಣ್ಣ ಅಂತ. ಒಂದು ಸಲ ತಿದ್ದಿದ ಪುಟವನ್ನು ಎರಡನೇ ಸಲ ಕೊನೆಯ ಸಾಲಿನಿಂದ ಹಿಂದಕ್ಕೆ ಓದದೆ ಯಾರ ಕೈಗೂ ಕೊಟ್ಟವನಲ್ಲ. ಪ್ರೆಸ್ಸಿನವರಿಗೆ ಅದು ಚೆಂದ. ಮನೆಯಲ್ಲಿ ಕಟ್ಟಿಕೊಂಡವಳು ಏನು ಮಾಡಬೇಕು? ನಲ್ಲಿ ರಿಪೇರಿ ಆದ ಮೇಲೆ ಸರಿಯಾಗಿದೆಯೋ ಇಲ್ಲವೋ ನೋಡಲು ಮತ್ತೆ ಬಿಚ್ಚುವುದು. ಫ್ಯಾನು ತಿರುಗಿದರೂ ಇಳಿಸುವುದು. ಅವಳೋ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು, ಕೆನ್ನೆ ಊದಿಸಿಕೊಂಡು ಬಂದವರಿಗೆಲ್ಲ ದಿನವಿಡೀ ಸಮಾಧಾನ ಹೇಳುವವಳು. ತಾಳ್ಮೆ ಎನ್ನುವುದೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ಬರುವಾಗ ಚೂರೂ ಉಳಿದಿರುತ್ತಿರಲಿಲ್ಲ.

ನಿನ್ನೆ ಸಂಜೆ ಅವಳು ಕಾರು ತಂದು ನಿಲ್ಲಿಸಿದಾಗ ಚಕ್ರದಿಂದ ಕಿರ್ರೆಂಬ ಸದ್ದು ಬಂದಿತ್ತು. ಬ್ರೇಕ್ ಪ್ಯಾಡ್ ಸವೆದಿದೆ ಎಂದ ಗಂಡ.

"ಮೂಲೆ ಗ್ಯಾರೇಜಿಗೆ ಕೊಡ್ರೀ, ಬೇಗ ಹಾಕ್ಕೊಡ್ತಾನೆ."

"ಅವನು ಒಂದೇ ಸಲ ನೋಡ್ತಾನೆ" ಎಂದು ಪ್ರೂಫಣ್ಣ ಹೊಸ ಪ್ಯಾಡು ತರಲು ಹೊರಟೇಬಿಟ್ಟಿದ್ದ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಅವಳು ಬಿಡುತ್ತಿದ್ದಳು. ಇವತ್ತು ಅಮ್ಮನನ್ನು ಕರೆತರಬೇಕಿತ್ತು. ಅಪ್ಪ ಹೋದಾಗಿನಿಂದ ಅಮ್ಮ ಗುಡ್ಡದಾಚೆ ಅಣ್ಣನ ಮನೆಯಲ್ಲಿದ್ದಳು. ಅಲ್ಲಿ ಅವಳಿಗೆ ಒಂದು ಮೂಲೆ, ಒಂದು ಮಂಚ, ದಿನವಿಡೀ ಒಬ್ಬರ ಮಾತೂ ಇಲ್ಲ. ಬಾ ಎಂದು ಎಷ್ಟು ಸಲ ಕರೆದರೂ "ಇರ್ಲಿ ಬಿಡು" ಎನ್ನುತ್ತಿದ್ದವಳು ಮೊನ್ನೆ ತಾನಾಗಿಯೇ ಫೋನ್ ಮಾಡಿ, "ಬಂದು ಕರ್ಕೊಂಡು ಹೋಗ್ತೀಯೇನೇ?" ಎಂದಿದ್ದಳು. ಜನ್ಮದಲ್ಲಿ ಯಾರ ಬಳಿಯೂ ಏನನ್ನೂ ಕೇಳದ ಹೆಂಗಸು. ಅಣ್ಣ ಕೆಲಸದ ಮೇಲೆ ಹೊರಗೆ ಹೋಗಿದ್ದ, ಸಂಜೆಗೆ ವಾಪಸು. ಅವನು ಬಂದನೋ, ಜನ ಏನಂತಾರೆ, ನನ್ನ ಮಾನ ಏನಾಗಬೇಕು ಎಂದು ಶುರು ಮಾಡುತ್ತಾನೆ. ಅಮ್ಮ ತುಟಿ ಪಿಟಕ್ಕೆನ್ನದೆ ಸೀರೆಗಳನ್ನು ಮತ್ತೆ ಬೀರುವಿನಲ್ಲಿಡುತ್ತಾಳೆ. ಇನ್ನೊಂದು ಸಲ ಕೇಳುವವಳಲ್ಲ.

"ರೀ, ಒಂದ್ ಸೈಡ್ ಆದ್ರೂ ಮುಗೀತಾ?"

"ಎರಡೂ ಮುಗೀತು. ಚಕ್ರಾನೂ ಹಾಕ್ದೆ."

ಹೌದು, ಚಕ್ರ ಹಾಕಿದ್ದ, ಒಳಗೆ ಕೂತು ಬ್ರೇಕನ್ನು ಒತ್ತಿ ಒತ್ತಿ ಬಿಗಿ ಮಾಡಿಯೂ ಇದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿಗೆ ಬೀಗ ಹಾಕಿ ಬರುವಷ್ಟರಲ್ಲಿ ಬಲಗಡೆಯ ಚಕ್ರ ಮತ್ತೆ ಕಳಚಿಕೊಂಡು ನೆಲದ ಮೇಲೆ ಮಲಗಿತ್ತು!

"ಏನ್ರೀ ಇದು?"

"ಎರಡನೇ ಪ್ರೂಫ್" ಎಂದ, ತಲೆ ಎತ್ತದೆ. "ಪ್ಯಾಡು ಸರಿಯಾಗಿ ಕೂತಿದ್ಯಾ ಅಂತ ಒಂದ್ಸಲ ನೋಡ್ಬಿಡ್ತೀನಿ."

ಅವಳಿಗೆ ಆಗಲೇ ಅನುಮಾನ ಬಂದದ್ದು. ಅಮ್ಮ ಬರುತ್ತಾಳೆ ಎಂದಾಗ ಈ ಮನುಷ್ಯ ಬರೀ ಹೂಂ ಎಂದಿದ್ದ. ಮದುವೆಯಾದ ಹೊಸತರಲ್ಲಿ ಅಮ್ಮ ಹತ್ತು ಜನರೆದುರು, "ಕಾಗುಣಿತ ತಿದ್ದೋದೂ ಒಂದು ಕೆಲಸವೇ?" ಎಂದು ನಕ್ಕಿದ್ದಳು. ಅಂದಿನಿಂದ ಅವನು ಅತ್ತೆಯ ಮುಂದೆ ಬಾಯಿಗೆ ಬೀಗ ಹಾಕಿಕೊಂಡವನು. ಬೇಕೆಂದೇ ಹೊತ್ತು ಕಳೆಯುತ್ತಿದ್ದಾನೆ! ಸಂಜೆಯಾಗಲಿ, ಅಣ್ಣ ಬರಲಿ, ಪೀಡೆ ತೊಲಗಲಿ ಎಂದು! ಅವಳ ಕಣ್ಣಲ್ಲಿ ನೀರು ಬಂತು. ನೀರು ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಅಂತೂ ಚಕ್ರ ಮತ್ತೆ ಮೇಲೇರಿತು, ಕಾರು ಕೆಳಗಿಳಿಯಿತು. ಅವನ ಕೈಯೆಲ್ಲ ಮಸಿ. ಅವಳೇ ಸ್ಟೇರಿಂಗ್ ಹಿಡಿದು ಕೂತಳು. ಅವನು ಗೇಟು ತೆರೆದು, ಚಕ್ರ ನೋಡುತ್ತಾ ಕಾರಿನ ಎದುರಿಗೇ ನಿಂತ. "ನಿಧಾನಕ್ಕೆ ಬಾ, ಬಾ... ಹಾಂ, ನಿಲ್ಸು."

ಅವಳು ಬ್ರೇಕ್ ಒತ್ತಿದಳು. ಪೆಡಲು ಸೀದಾ ಪಾತಾಳಕ್ಕಿಳಿಯಿತು. ಕಾರು ನಿಲ್ಲಲಿಲ್ಲ. ಎದುರಿಗೆ ಅವನ ಮುಖ ಹತ್ತಿರ ಹತ್ತಿರ ಬರುತ್ತಿತ್ತು. ಅವಳು ಕಿರುಚಿಕೊಂಡು ಹ್ಯಾಂಡ್ ಬ್ರೇಕನ್ನು ಕೈಗೆ ಬರುವ ಹಾಗೆ ಎಳೆದಳು. ಕಾರು ಅವನ ಮೊಣಕಾಲಿಗೆ ತಾಗಿಯೂ ತಾಗದಂತೆ ನಿಂತಿತು.

ಆದದ್ದಿಷ್ಟು: ಎರಡನೇ ಸಲ ಬಿಚ್ಚಿದಾಗ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಅವನು ಮತ್ತೆ ಹಿಂದಕ್ಕೆ ದೂಡಿದ್ದ. ಹಾಗೆ ದೂಡಿದರೆ ಮತ್ತೆ ಪೆಡಲು ಒತ್ತಿ ಒತ್ತಿ ಬಿಗಿ ಮಾಡಬೇಕು. ಮೊದಲ ಸಲ ಮಾಡಿದ್ದವನು ಎರಡನೇ ಸಲ ಮರೆತಿದ್ದ.

ಅವಳು ಬಾಗಿಲು ತಳ್ಳಿ ಇಳಿದು ಬಂದಳು. "ಸತ್ತೇ ಹೋಗ್ತಿದ್ರಲ್ರೀ! ಥೂ ನಿಮ್ಮ ಎರಡನೇ ಪ್ರೂಫಿಗಿಷ್ಟು! ನಮ್ಮಮ್ಮ ಬರೋದು ನಿಮಗಿಷ್ಟ ಇಲ್ಲ ಅಲ್ವಾ? ಬಾಯ್ಬಿಟ್ಟು ಹೇಳಿ ಸಾಯ್ರೀ!"

ಅವನು ಮೊಣಕಾಲು ಸವರಿಕೊಂಡ. "ಇಷ್ಟ ಇಲ್ಲ" ಎಂದ. "ಒಂಚೂರೂ ಇಷ್ಟ ಇಲ್ಲ. ಅದಕ್ಕೇ ಮತ್ತೆ ಬಿಚ್ಚಿದ್ದು ಕಣೇ. ಬೇಡ ಅನ್ನೋ ಮನಸ್ಸಲ್ಲಿ ಮಾಡಿದ ಕೆಲಸ, ಎಲ್ಲಾದ್ರೂ ತಪ್ಪು ಮಾಡಿರ್ತೀನೇನೋ ಅಂತ ಭಯ ಆಯ್ತು. ಗುಡ್ಡ ಇಳಿಯೋವಾಗ ಒಳಗೆ ನೀವಿಬ್ರೂ ಇರ್ತೀರಿ."

ಅವನು ಒಳಗೆ ಕೂತು ಪೆಡಲು ಗಟ್ಟಿಯಾಗುವವರೆಗೆ ಒತ್ತಿದ. ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ, ನಿಲ್ಲಿಸಿ ನೋಡಿದ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಬರಬೇಡ ಕಣೇ" ಎಂದಳು ಅಮ್ಮ, ಪಿಸುದನಿಯಲ್ಲಿ. "ಅಣ್ಣ ಬೇಗ ಬಂದ್ಬಿಟ್ಟ. ಬೇಜಾರು ಮಾಡ್ಕೊಂಡಿದಾನೆ. ಇರ್ಲಿ ಬಿಡು."

ಅವಳ ಮುಖ ನೋಡಿಯೇ ಪ್ರೂಫಣ್ಣನಿಗೆ ಗೊತ್ತಾಯಿತು. ಮಸಿ ಕೈಯಲ್ಲೇ ಫೋನು ಕಿತ್ತುಕೊಂಡ.

"ಅತ್ತೆ, ನಾನು. ತಡ ಆಗಿದ್ದು ನನ್ನಿಂದ. ಭಾವನ ಹತ್ರ ನಾನೇ ಮಾತಾಡ್ತೀನಿ. ಈಗ ಹೊರಟ್ವಿ." ಮಾತಾಡುತ್ತಲೇ ಕಾರಿನ ಬಾಗಿಲು ತೆರೆದ. "ನೀವು ಮಾತ್ರ ಬ್ಯಾಗು ಬಿಚ್ಚಬೇಡಿ."