ಮೊದಲು ನಗು, ಆಮೇಲೆ ಕತ್ತಿ

ನಮ್ಮನೆಯವರಿಗೆ ಮಾತು ಕಡಿಮೆ, ಕತ್ತರಿ ಜಾಸ್ತಿ. ಊರಿನ ಅರ್ಧ ತಲೆಗಳು ಅವರ ಕೈಕೆಳಗೆ ಬಗ್ಗಿದ್ದರೂ, ಯಾರೆದುರಾದರೂ ನಿಂತು ನಾಲ್ಕು ಮಾತಾಡಿ ಎಂದರೆ ಬೆವರುತ್ತಾರೆ. ಮದುವೆಗೆ ಮುಂಚೆ ನನ್ನ ಹತ್ತಿರ ಆಡಬೇಕಾದ ಮಾತನ್ನೂ ಇವರಪ್ಪನೇ ಆಡಿದ್ದು.

ಮುಂದೆ ಕ್ಷೌರದಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಟವೆಲ್ಲು ಒಗೆದು ಒಣಗಿಸುವುದು ನನ್ನ ಪಾಲಿನ ಕೆಲಸ. ಮಾವ ಕತ್ತಿ ಹಿಡಿಯುತ್ತಿದ್ದ ಕಾಲದಿಂದಲೂ ಅಂಗಡಿಯಲ್ಲಿ ಒಂದು ಕಾನೂನಿದೆ: ಕುರ್ಚಿಯಲ್ಲಿ ಕೂತವರು ಮೊದಲು ಪತ್ರಿಕೆಯ ಆವತ್ತಿನ ವ್ಯಂಗ್ಯಚಿತ್ರ ನೋಡಬೇಕು. ಅದನ್ನು ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟಿರುತ್ತಾರೆ. ನಗುವುದೆಲ್ಲ ಮುಗಿದ ಮೇಲೆಯೇ ಗದ್ದ ಹಿಡಿದು ಕತ್ತಿ ಇಡುವುದು. ಹಿಂದೊಮ್ಮೆ ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲಿ ಚಿತ್ರ ನೋಡಿ ನಕ್ಕು, ಕೆನ್ನೆ ಕುಯ್ದುಹೋಗಿತ್ತಂತೆ. ಚಿತ್ರದಲ್ಲಿರುವವನು ಒಂಟಿಗೂದಲಪ್ಪ. ತಲೆಯ ಮೇಲಿನ ಒಂದೇ ಕೂದಲನ್ನು ಬಾಚಿಕೊಂಡು ಊರಿಗೆಲ್ಲ ಬುದ್ಧಿ ಹೇಳುವ ಆಸಾಮಿ. ಕ್ಷೌರಿಕರಿಗೆ ಅವನ ಮೇಲೆ ಯಾಕಷ್ಟು ಪ್ರೀತಿಯೋ, ಅಂಥವನಿಂದ ಇವರಿಗೆ ಚಿಕ್ಕಾಸಿನ ಲಾಭವಿಲ್ಲ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಮಾತು, ಮುಖದ ಬಲಭಾಗ ಎಲ್ಲ ಒಟ್ಟಿಗೇ ಮಲಗಿಬಿಟ್ಟವು. ಮಾತಿನ ಮಲ್ಲ ಎನಿಸಿಕೊಂಡಿದ್ದವರು ಮೂಲೆಯ ಕುರ್ಚಿ ಹಿಡಿದರು. ಆದರೂ ಬೆಳಿಗ್ಗೆ ಗಡ್ಡ ತೆಗೆಯುವ ಮುಂಚೆ ಮಗ ಒಂಟಿಗೂದಲಪ್ಪನನ್ನು ತೋರಿಸಿದರೆ ಎಡತುಟಿ ಮೇಲೇಳುತ್ತಿತ್ತು. "ಹೀಗೇ ನಗಿಸ್ತಾ ಇರಿ, ಮುಖ ಆಡಿದಷ್ಟೂ ಒಳ್ಳೇದು" ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಪತ್ರಿಕೆಯಲ್ಲಿ ಚಿತ್ರವೇ ನಿಂತುಹೋಯಿತು. ಆ ಜಾಗದಲ್ಲಿ ಕೂದಲೆಣ್ಣೆಯ ಜಾಹೀರಾತು! ಮಾವ ಅದನ್ನೊಮ್ಮೆ ನೋಡಿ ಮುಖ ತಿರುಗಿಸಿದರು. ಹಳೆಯ ಚಿತ್ರ ತೋರಿಸಿದರೆ ಕಣ್ಣೆತ್ತಿಯೂ ನೋಡಲಿಲ್ಲ. ನಗು ಹೋಯಿತು, ಊಟವೂ ಇಳಿಯಿತು.

ಪುರಭವನದಲ್ಲಿ ವ್ಯಂಗ್ಯಚಿತ್ರಗಳ ಹಬ್ಬವಿದೆ, ಅದಕ್ಕೆ ಒಂಟಿಗೂದಲಪ್ಪನನ್ನು ಬರೆಯುವ ಚಿತ್ರಕಾರರೇ ಬರುತ್ತಾರೆ ಎಂದು ತಿಳಿದಾಗ ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಮತ್ತೆ ಚಿತ್ರ ಬರೀರಿ ಸಾರ್, ನಮ್ಮಪ್ಪ ನಗಬೇಕು." ಇಷ್ಟು ಹೇಳಿದರೆ ಸಾಕಿತ್ತು. ಅದನ್ನೇ ಕನ್ನಡಿಯ ಮುಂದೆ ನಿಂತು ದಿನವೂ ಉರು ಹೊಡೆದರು.

ಅಲ್ಲಿ ಸಾಲು ಬಾಗಿಲಾಚೆಗೂ ಇತ್ತು. ಸಣ್ಣ ಮೈಯ, ದಪ್ಪ ಕನ್ನಡಕದ ಹಿರಿಯರು ಮೇಜಿನ ಹಿಂದೆ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ನಮ್ಮ ಸರದಿ ಬಂತು. ಇವರು ಬಾಯಿ ತೆರೆದರು, ಮುಚ್ಚಿದರು. ನಾನು ಹಿಂದಿನಿಂದ ತಿವಿದೆ. ಅಷ್ಟರಲ್ಲಿ ಇವರ ಕಣ್ಣು ಅವರ ಕೆನ್ನೆಯ ಮೇಲೆ ಬಿತ್ತು. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಕುರುಚಲು. ಮಾತು ಬಾರದ ಮಹಾರಾಯರು ತಮಗೆ ಬರುವ ಕೆಲಸ ಮಾಡಿದರು: ಕೈ ಚಾಚಿ ಅವರ ಗದ್ದ ಹಿಡಿದು ದೀಪದ ಕಡೆಗೆ ತಿರುಗಿಸಿಬಿಟ್ಟರು!

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. "ಏಯ್, ಕೈ ತೆಗೀರಿ!" ಎಂದು ಆಯೋಜಕರೊಬ್ಬರು ಓಡಿಬಂದರು.

"ಇರಲಿ ಬಿಡಿ" ಎಂದರು ಚಿತ್ರಕಾರರು, ಗದ್ದ ಇವರ ಕೈಯಲ್ಲಿದ್ದಂತೆಯೇ. "ಏನಪ್ಪಾ, ಎಡಗಡೆ ಬಿಟ್ಟುಹೋಗಿದ್ಯಾ?"

"ಹೌದು ಸಾರ್. ಕಿವಿ ಕೆಳಗೂ ಒಂಚೂರು."

"ಕೈ ನಡುಗುತ್ತೆ ಕಣಪ್ಪ. ಗಡ್ಡಾನೂ ನೆಟ್ಟಗಾಗಲ್ಲ, ಗೆರೆನೂ ನೆಟ್ಟಗೆ ಬರಲ್ಲ. ಅದಕ್ಕೇ ಚಿತ್ರ ನಿಲ್ಲಿಸಿಬಿಟ್ಟೆ."

ಇವರು ಕೈ ತೆಗೆದು ಕೊರಡಿನಂತೆ ನಿಂತರು. ಇನ್ನು ಸುಮ್ಮನಿದ್ದರೆ ಕೆಲಸ ಕೆಟ್ಟಿತೆಂದು ನಾನೇ ಮುಂದೆ ಬಂದು ಮಾವನ ಕಥೆಯೆಲ್ಲ ಒದರಿದೆ. "ನಮ್ಮ ಮಾವ ನಗೋದೇ ಅರ್ಧ ಬಾಯಲ್ಲಿ ಸಾರ್. ನಿಮ್ಮ ಗೆರೆ ನಡುಗಿದ್ರೆ ಅವರೇನೂ ಬೇಜಾರು ಮಾಡ್ಕೊಳ್ಳಲ್ಲ" ಎಂದೆ.

ಚಿತ್ರಕಾರರು ಒಂದು ಹಾಳೆ ಎಳೆದುಕೊಂಡು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಬರೆಯತೊಡಗಿದರು. ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ಗೆರೆ ನಡುಗಿತು ನಿಜ, ಆದರೂ ಒಂಟಿಗೂದಲಪ್ಪ ಬಂದ. ಅವನ ಗದ್ದ ಹಿಡಿದು ಬೆವರುತ್ತಿರುವ ನಮ್ಮನೆಯವರೂ ಬಂದರು, ಮೂಗು ಒಂಚೂರು ಉದ್ದವಾಗಿ. ಕೈ ನಡುಗಿ ಆ ಒಂದೇ ಕೂದಲು ಗುಂಗುರಾಗಿತ್ತು. ಅವನಿಗೆ ಅದು ಒಪ್ಪುತ್ತಲೂ ಇತ್ತು.

ಅದನ್ನೇ ನೋಡುತ್ತಾ ಚಿತ್ರಕಾರರು, "ನಾಳೆ ಇನ್ನೊಂದು ಬರೆದು ನೋಡ್ತೀನಿ. ಪತ್ರಿಕೆಯೋರು ಹಾಕಿದ್ರೆ ಹಾಕ್ಲಿ" ಎಂದರು.

ಮರುದಿನ ಬೆಳಿಗ್ಗೆ ಇವರು ಮಾವನ ಕೆನ್ನೆಗೆ ನೊರೆ ಹಚ್ಚಿ, ಚಿತ್ರವನ್ನು ಕನ್ನಡಿಗೆ ಸಿಕ್ಕಿಸಿದರು. ಮಾವ ನೋಡಿದರು. ನಗಲಿಲ್ಲ. ಇವರ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ.

"ಮಾವ, ಅದು ಸುಮ್ನೆ ಬರೆದಿದ್ದಲ್ಲ. ನಿಮ್ಮ ಮಗ ನಿಜವಾಗ್ಲೂ ಅಷ್ಟು ದೊಡ್ಡೋರ ಗದ್ದ ಹಿಡ್ಕೊಂಡ್ಬಿಟ್ರು! ಬಾಯಿಂದ ಒಂದ್ಮಾತು ಬರ್ಲಿಲ್ಲ!"

ಮಾವನ ಕಣ್ಣು ಚಿತ್ರದಿಂದ ಮಗನ ಕಡೆಗೆ ಹೊರಳಿತು. ಎಡಗೈ ಮೆಲ್ಲಗೆ ಮೇಲೆದ್ದು, ಮಗನ ಗದ್ದ ಹಿಡಿದು, ದೀಪದ ಕಡೆಗೆ ತಿರುಗಿಸಿತು. ಅಪ್ಪ ಮಗನನ್ನು ಅಣಕಿಸುತ್ತಿದ್ದರು! ಮೊದಲು ಎಡತುಟಿ ಎದ್ದಿತು. ಆಮೇಲೆ ನೊರೆಯ ಅಡಿಯಲ್ಲಿ ಬಲತುಟಿಯ ಮೂಲೆಯೂ ಒಂಚೂರು ಕದಲಿತು.

"ನೋಡೇ, ನೋಡೇ" ಎಂದರು ಇವರು, ಗದ್ದ ಬಿಡಿಸಿಕೊಳ್ಳದೆ. ನಾನು ಅಳುತ್ತಿದ್ದೆ. ಟವೆಲ್ಲು ಕೈಯಲ್ಲೇ ಇದ್ದದ್ದು ಅನುಕೂಲವಾಯಿತು.

ಇವರು ಕತ್ತಿಯನ್ನು ಪಕ್ಕಕ್ಕಿಟ್ಟು, ಅಂಗಡಿಯ ಕಾನೂನಿನಂತೆ, ನಗು ಮುಗಿಯಲೆಂದು ಕಾದರು. ಆವತ್ತು ತುಂಬ ಹೊತ್ತು ಕಾಯಬೇಕಾಯಿತು.