ಎಣ್ಣೆ ಒಲ್ಲದ ದೇವರು

ಲೈನ್‌ಮನ್ ಕಾಕಾ ಕಬ್ಬಿಣದ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಗೇಟಿರಲಿ, ಬಸ್ಸಿನ ಬಾಗಿಲಿರಲಿ, ಮೊದಲು ಬಲಗೈಯ ಹಿಂಬದಿಯನ್ನು ಒಮ್ಮೆ ತಾಗಿಸಿ, ಅರೆಕ್ಷಣ ತಡೆದು, ಆಮೇಲೆ ಹಿಡಿಯುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳು ಮಡಚಿಸಿ ಹಿಡಿದುಕೊಂಡುಬಿಡುತ್ತದೆ, ಹಿಂಬದಿಯಿಂದ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ ಎಂಬುದು ಅವರು ಕಲಿತ ಪಾಠ. ಕಲಿಯುವಾಗ ಆ ಕೈಯ ಎರಡು ಬೆರಳು ಸೊಟ್ಟಗಾಗಿ ಹೋಗಿದ್ದವು. ನಾನೊಮ್ಮೆ ನಕ್ಕು, "ಕಾಕಾ, ಚಹಾದಂಗಡಿ ಬಾಗಲಕ್ಕ ಯಾರ ಕರೆಂಟ್ ಕೊಟ್ಟಾರ್ರಿ?" ಅಂದೆ.

"ಕರೆಂಟಿಗೆ ಬೀಗರಿಲ್ಲ, ಬಿಜ್ಜರಿಲ್ಲವಾ. ಪರಿಚಯದಾಂವ ಅಂತ ಬಿಡಂಗಿಲ್ಲ ಅದು" ಅಂದರು.

ನಾನು ಆಗ ದೇಶದ ತುಂಬ ಎಲೆಕ್ಟ್ರಿಕ್ ಕಾರುಗಳಿಗೆ ಚಾರ್ಜಿಂಗ್ ಸ್ಟೇಷನ್ ಹಾಕುವ ಒಂದು ಕಂಪನಿಯಲ್ಲಿ ಸೈಟ್ ಇಂಜಿನಿಯರ್. ಡಿಪ್ಲೊಮಾ ಮುಗಿಸಿ ಹಿಡಿದ ಮೊದಲ ಕೆಲಸ. ನಮ್ಮ ಮನೆತನದಲ್ಲಿ ಪಗಾರದ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳೂ ನಾನೇ. ನನ್ನ ಹಿಂದೆ ಇಬ್ಬರು ತಂಗಿಯರು ಓದುತ್ತಿದ್ದರು. ನಾನೊಂದು ಎಡವಿದರೆ "ನೋಡಿದಿರಿಲ್ಲೋ, ಹೆಣ್ಣುಹುಡಿಗ್ಯಾರನ್ನ ಓದಿಸಿ ಏನಾತು?" ಎನ್ನುವುದಕ್ಕೆ ನಮ್ಮೂರು ದುಮ್ಮವಾಡದಲ್ಲಿ ನಾಲ್ಕು ಮಂದಿ ಬಾಯಿ ತೆರೆದುಕೊಂಡೇ ಕೂತಿದ್ದರು. ನಾನು ಎಡವಿದರೆ ತಂಗಿಯರ ಓದೂ ಅಲ್ಲಿಗೆ ನಿಂತಂತೆಯೇ.

ಕಂಪನಿಯ ಪುಣೆ ಆಫೀಸಿನ ಗೋಡೆ ತುಂಬ ದೇಶದ ನಕ್ಷೆ. ನಡೆಯುವ ಸ್ಟೇಷನ್ನಿಗೆ ಹಸಿರು ಚುಕ್ಕೆ, ನಿಂತದ್ದಕ್ಕೆ ಕೆಂಪು. ವಿಜಯಪುರ, ಬಾಗಲಕೋಟೆ ಕಡೆಯಿಂದ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ನವಲಗುಂದದ ಚುಕ್ಕೆ ನನ್ನ ಪಾಲಿಗೆ ಬಂತು. ಅದು ಕೆಂಪಾದರೆ, ಬ್ಯಾಟರಿ ತೀರುತ್ತ ಬಂದ ಕಾರು ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ಹೋಗುವಂತಿಲ್ಲ.

ಊರ ಹೊರಗೆ, ಒಂದು ಖಾನಾವಳಿಯ ಬಾಜೂಕ್ಕೆ ಜಾಗ ಸಿಕ್ಕಿತ್ತು. ಅಗೆತ ಶುರುವಾದ ದಿನವೇ ಕಾಕಾ ತಾವಾಗಿ ಬಂದು ನಿಂತರು. ಸರ್ವಿಸೆಲ್ಲ ಲೈನ್‌ಮನ್ ಆಗಿಯೇ ಕಳೆದು ನಿವೃತ್ತರಾದವರು. ಪಿಂಚಣಿ ಬರುತ್ತಿತ್ತು, ಉಣ್ಣಲು ತೊಡಲು ಕೊರತೆ ಇರಲಿಲ್ಲ. "ಸುತ್ತ ಹಳ್ಳಿಗೆ ಲೈಟ್ ಹಚ್ಚಿದಾಂವ್ರಿ ನಾನು. ಇನ್ನ ಗಾಡಿ ಕರೆಂಟ್ ಕುಡಿಯೂದನ್ನ ನೋಡದ ಹೋದ್ರ ಹೆಂಗ?" ಅಂದರು. ಗುತ್ತಿಗೆದಾರರು ಒಂದು ಹಸಿರು ಜಾಕೀಟು ಕೊಟ್ಟು, ಸ್ಟೇಷನ್ ಶುರುವಾದ ಮೇಲೆ ನೋಡಿಕೊಳ್ಳುವ ಕೆಲಸ ನಿಮಗೇ ಎಂದರು. ಕಾಕಾ ಆ ಜಾಕೀಟನ್ನು ಸಂತೆಗೂ ಹಾಕಿಕೊಂಡು ಹೋದರು, ಬಸವಣ್ಣನ ಗುಡಿಗೂ ಹಾಕಿಕೊಂಡು ಹೋದರು. "ಮದುವ್ಯಾಗ ಕೊಟ್ಟ ಕೋಟಿಗೂ ಇಷ್ಟು ಮರ್ಯಾದಿ ಇರಲಿಲ್ಲವಾ" ಎಂದು ಅವರ ಮನೆಯವರು, ನಮ್ಮೆಲ್ಲರ ಕಾಕು, ನಗುತ್ತಿದ್ದರು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅರ್ಥಿಂಗ್ ತಗ್ಗು ತೋಡಿಸಿದೆ. ತಪ್ಪಿ ಹರಿದ ಕರೆಂಟು ಮನುಷ್ಯನ ಮೈಗೆ ಬರದೆ ನೆಲಕ್ಕೆ ಇಳಿಯಲೆಂದು ಹುಗಿಯುವ ಸರಳಿನ ಗುಂಡಿ ಅದು. ತುಂಬಲು ಬರಬೇಕಿದ್ದ, ತೇವ ಹಿಡಿದಿಡುವ ಪುಡಿಯ ಚೀಲಗಳು ಬಂದಿರಲಿಲ್ಲ, ಉದ್ಘಾಟನೆ ತಲೆಯ ಮೇಲೆ ಕೂತಿತ್ತು. ತೆಗೆದ ಕಪ್ಪು ಎರೆಮಣ್ಣನ್ನೇ ಮತ್ತೆ ತುಂಬಿಬಿಡಿ ಎಂದೆ. ಮೀಟರ್ ಹಚ್ಚಿ ನೋಡಿದೆ, ರೀಡಿಂಗ್ ಬೆಣ್ಣೆಯಂತೆ ಬಂತು.

ಕಾಕಾ ತಗ್ಗಿನ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಹಿಡಿ ಮಣ್ಣು ಹಿಸುಕಿದರು. "ಮೇಡಮ್ಮಾರ, ಇದನ್ನ ತುಂಬಬ್ಯಾಡ್ರಿ. ಈಗ ಅವ್ವನಂಗ ಅಪ್ಪಿಕೊಂಡೈತಿ. ಬ್ಯಾಸಗ್ಯಾಗ ಇದ ಮಣ್ಣು ಅತ್ತಿ ಆಕ್ಕೈತಿ. ಬಾಯಿ ಬಿಟ್ಟು ಸರಳಿನಿಂದ ದೂರ ನಿಂದರತೈತಿ. ಉಪ್ಪು, ಇದ್ದಲಿ ತರಸೂಣು. ಎರಡ ದಿವಸದ ಮಾತು."

"ಮೀಟರ್ ಸುಳ್ಳು ಹೇಳಂಗಿಲ್ಲ ಕಾಕಾ."

"ಸುಳ್ಳು ಹೇಳಂಗಿಲ್ಲ, ಖರೆ. ಅದು ಇವತ್ತಿಂದಷ್ಟ ಹೇಳತೈತಿ."

ನಾನು ಕಲಘಟಗಿ ತಾಲ್ಲೂಕಿನವಳು. ನಮ್ಮದು ಕೆಂಪು ಮಣ್ಣು, ಭತ್ತದ ಸೀಮೆ. ಎರೆಮಣ್ಣೆಂದರೆ ನನಗೆ ಬೂಟಿಗೆ ಸೇರುಗಟ್ಟಲೆ ಅಂಟುವ ಪೀಡೆ ಅಷ್ಟೆ. ಅದಕ್ಕೊಂದು ಬೇಸಗೆಯ ಬುದ್ಧಿಯೂ ಇರುತ್ತದೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಕಾಗದದ ಮೇಲೆ ರೀಡಿಂಗ್ ಬರೆದು ಸಹಿ ಹಾಕಿದೆ. ಚುಕ್ಕೆ ಹಸಿರಾಯಿತು, ಪೇಢೆ ಹಂಚಿದೆವು.

ಯುಗಾದಿ ಮುಗಿಯುವುದರೊಳಗೆ ನವಲಗುಂದದ ಹೊಲಗಳು ಕೈ ಇಳಿಯುವಷ್ಟು ಬಿರುಕು ಬಿಟ್ಟಿದ್ದವು. ಒಂದು ಮಧ್ಯಾಹ್ನ ನಾನು ತಪಾಸಣೆಗೆಂದು ಬಂದಿದ್ದೆ. ಬಾಗಲಕೋಟೆ ಕಡೆಯಿಂದ ಒಬ್ಬ ಮಗ ಉಸಿರಾಟದ ತ್ರಾಸಿದ್ದ ತಾಯಿಯನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ಯುತ್ತ ಬಂದ. ಫೋನಿನ ನಕ್ಷೆಯಲ್ಲಿ ನಮ್ಮ ಹಸಿರು ಚುಕ್ಕೆ ನೋಡಿಯೇ ಹೊರಟಿದ್ದನಂತೆ. ಕಾರಿನ ಬ್ಯಾಟರಿ ತಳ ಕಂಡಿತ್ತು. ವೈರು ಚುಚ್ಚಿದರೆ ಯಂತ್ರ ಕೆಂಪು ದೀಪ ತೋರಿಸಿ ಬಂದಾಯಿತು. ನೆಲದ ಸಂಪರ್ಕ ಸಿಗದೆ ಅಪಾಯವೆಂದು ತಾನೇ ಮುಚ್ಚಿಕೊಂಡಿತ್ತು. ಮತ್ತೆ ಚುಚ್ಚಿದೆ, ಮತ್ತೆ ಬಂದಾಯಿತು. ಮುದುಕಿ ಹಿಂದಿನ ಸೀಟಿನಲ್ಲಿ ಬಾಯಿಂದ ಉಸಿರೆಳೆಯುತ್ತಿದ್ದಳು. ಮಗ ನನ್ನನ್ನು ಬಯ್ಯಲಿಲ್ಲ. "ಅಕ್ಕಾರ, ಏನರ ಮಾಡ್ರಿ" ಎಂದು ಕೈಮುಗಿದ.

ನಾನು ಮುದುಕಿಯ ಕೈ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ಗೊಳೋ ಎಂದು ಅತ್ತೆ. ಕಾಕಾ ಮಾತ್ರ ರಸ್ತೆಯ ಮಧ್ಯೆ ಹೋಗಿ ಎರಡೂ ಕೈ ಚಾಚಿ ನಿಂತು ಒಂದು ಜೀಪು ತಡೆದರು. ಇಳಿಯುವುದಿಲ್ಲ ಎಂದವರನ್ನು ಇಳಿಸಿ ತಾಯಿ ಮಗನನ್ನು ಹತ್ತಿಸಿದರು. ಮುದುಕಿ ಉಳಿದಳೆಂದು ಮರುದಿನ ಫೋನ್ ಬಂತು.

ನಾಲ್ಕೇ ದಿನಕ್ಕೆ ಪುಣೆಯಿಂದ ದೊಡ್ಡ ಸಾಹೇಬರು ವಿಚಾರಣೆಗೆ ಬಂದರು. ಬೆಳಗಾವಿ ಕಡೆಯವರು, ಕನ್ನಡ ಬರುತ್ತಿತ್ತು. ಒಣಗಿದ ತಗ್ಗು ನೋಡಿ ನನ್ನ ಕಡೆ ತಿರುಗಿದರು. "ಈ ಮಣ್ಣಿನ ಬಗ್ಗೆ ಇಲ್ಲಿಯವರನ್ನ ಯಾರನ್ನರ ಕೇಳಿದ್ರೇನು?"

ಹೌದೆಂದರೆ ಹೇಳಿದ್ದನ್ನು ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆ, ಇಲ್ಲವೆಂದರೆ ಸುಳ್ಳು, ಮೇಲೆ ಯಾರನ್ನೂ ಕೇಳದ ತಪ್ಪು. ಎರಡರಲ್ಲೂ ನನ್ನ ಕೆಲಸ ಹೋಗುತ್ತಿತ್ತು. ನಾನು ತುಟಿ ಬಿಚ್ಚುವ ಮೊದಲೇ ಕಾಕಾ ಮುಂದೆ ಬಂದರು.

"ನನ್ನ ಕೇಳಿದ್ರರಿ ಸಾಹೇಬರ. ಅಗದಿ ಚಲೋ ಮಣ್ಣೈತಿ, ಇದನ್ನ ತುಂಬ್ರಿ ಅಂತ ನಾನ ಹೇಳೀನ್ರಿ. ತಪ್ಪು ನಂದು."

ಆಗ ನನ್ನ ನಾಲಿಗೆ ಬಿದ್ದುಹೋಗಿತ್ತು ಎಂದು ಬರೆಯಬಹುದು. ಆದರೆ ನಾಲಿಗೆ ಗಟ್ಟಿಮುಟ್ಟಾಗಿಯೇ ಇತ್ತು, ನಾನೇ ಸುಮ್ಮನಿದ್ದೆ. ಸ್ಥಳೀಯ ಸಹಾಯಕನ ತಪ್ಪು ಸಲಹೆ ಎಂದು ವರದಿಯಾಯಿತು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಕಾಕಾ ಹಸಿರು ಜಾಕೀಟನ್ನು ಒಗೆಸಿ, ಇಸ್ತ್ರಿ ಮಾಡಿಸಿ ತಂದು ಗುತ್ತಿಗೆದಾರರ ಕೈಗೆ ಕೊಟ್ಟರು. ನಾನು ಅವರ ಮುಖ ನೋಡಲಿಲ್ಲ.

ಇನ್ನು ಈ ಮನುಷ್ಯ ಇತ್ತ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕಾಕಾ ಬನಿಯನ್ನಿನಲ್ಲಿ ನಿಂತು ಅಗೆಯುತ್ತಿದ್ದರು. "ಜಾಕೀಟ್ ಹೋತು, ಸಲಿಕಿ ಹೋಗಿಲ್ಲಲಾ. ಏನ್ ನೋಡ್ತಿ ಬೇ, ಬುಟ್ಟಿ ಹಿಡಿ" ಅಂದರು. ಅವತ್ತಿನಿಂದ ನಾನು ಮೇಡಮ್ಮಾರ ಅಲ್ಲ, ಮನೆಮಗಳನ್ನು ಕರೆದಂತೆ ಬರೀ ಬೇ. ಎರೆಮಣ್ಣೆಲ್ಲ ತೆಗೆದು ಹೊರಗೆ ಸುರಿದೆವು. ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದೆವು. ನೀರು ಇಳಿಯಲೆಂದು ತೂತಿನ ಪೈಪು ನಿಲ್ಲಿಸಿದೆವು. "ಬ್ಯಾಸಗ್ಯಾಗ ಇದಕ್ಕ ದಿನಾ ನೀರು ಬೇಕು, ಕೂಸಿಗೆ ಕುಡಿಸಿದಂಗ" ಎಂದ ಕಾಕಾ ತಾವೇ ದಿನಾ ಎರಡು ಕೊಡ ಹೊತ್ತು ತಂದು ಹಾಕಿದರು. ಉರಿ ಬಿಸಿಲಿನಲ್ಲಿ ಮೀಟರ್ ಹಚ್ಚಿದರೂ ರೀಡಿಂಗ್ ಅಲುಗಲಿಲ್ಲ. ಚುಕ್ಕೆ ಮತ್ತೆ ಹಸಿರಾಯಿತು.

ಆಮೇಲೆ ಒಂದು ಮೋಜಾಯಿತು. ಕಾಕಾ ವಿಭೂತಿ ಧರಿಸಿ ದಿನಾ ಭಕ್ತಿಯಿಂದ ನೀರು ಹಾಕುವುದನ್ನು ನೋಡಿದವರು ಯಾರೋ ತಗ್ಗಿನ ಮುಚ್ಚಳಕ್ಕೆ ವಿಭೂತಿ ಬಳಿದರು. ಇನ್ಯಾರೋ ಹೂ ಇಟ್ಟರು. ಚಾರ್ಜಿಗೆ ಹಾಕಿ ಕೂತ ಕಾರಿನವರು ತಾವೂ ಒಂದೊಂದು ಚರಿಗೆ ನೀರು ಹಾಕಿ ಕೈಮುಗಿದು ಹೋಗತೊಡಗಿದರು. ಯಮನೂರಿನ ದರ್ಗಾಕ್ಕೆ ಹೊರಟವರೂ ಬಿಡಲಿಲ್ಲ. ಒಂದು ಅಮಾವಾಸ್ಯೆ ದಿನ ಒಬ್ಬ ಪುಣ್ಯಾತ್ಮ ಬಾಟಲಿಗಟ್ಟಲೆ ಎಣ್ಣೆ ಸುರಿದುಬಿಟ್ಟ. ಎಣ್ಣೆ ಕರೆಂಟಿಗೆ ಅಡ್ಡಿ, ಕಾಕಾ ಓಡಿ ಬಂದರು.

"ಏ ಯಾಂವಲೇ ಅಂವ, ಎಣ್ಣಿ ಸುರುವಿದಾಂವ? ಈ ದೇವರಿಗೆ ಎಣ್ಣಿ ಆಗಿ ಬರಂಗಿಲ್ಲ! ನೀರ್ ಅಷ್ಟ! ಹರಕಿ ಇದ್ರ ಒಂದ್ ಮುಟಗಿ ಉಪ್ಪು ಹಾಕು!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ, ನಾನು ವಾದಕ್ಕೂ ಇಳಿದೆ. "ಕಾಕಾ, ಇದು ದೇವರಲ್ಲ, ಅರ್ಥಿಂಗ್ ಅಂತ ತಿಳಿಸಿ ಹೇಳಬಾರದೇನ್ರಿ?"

"ಕೇಳಿದಾವ್ರಿಗೆಲ್ಲಾ ಹೇಳೇನಿ ಬೇ. ಕೇಳಿ, ಹೌದ್ರಿ ಅಂದು, ಮತ್ತ ಕೈಮುಗದು ಹೋಗ್ತಾರ. ನೀರಂತೂ ಬೀಳತೈತಲ್ಲಾ, ಬಿಡು."

ಎರಡು ವರ್ಷದ ಮೇಲೆ, ಚಳಿಗಾಲದ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತ ನಿಂತಲ್ಲೇ ಕಾಕಾ ಕುಸಿದರಂತೆ. ನಾನು ಸೋಲಾಪುರದ ಆಚೆ ಒಂದು ಸೈಟಿನಲ್ಲಿದ್ದೆ. ಬರುವಷ್ಟರಲ್ಲಿ ಮೂರು ದಿನ ಆಗಿತ್ತು, ಮಣ್ಣು ಮುಗಿದಿತ್ತು. ಕಾಕು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವರ ಕಾಲು ಹಿಡಿದು, "ಕಾಕು, ನಿಮಗೊಂದು ಮಾತು ಹೇಳಬೇಕ್ರಿ. ಅವತ್ತು ತಪ್ಪು ಕಾಕಾರದಲ್ಲರಿ" ಎಂದು ಅತ್ತೆ.

"ಗೊತ್ತೈತಿ ಬಿಡವಾ" ಎಂದು ಕಾಕು ನನ್ನ ತಲೆ ಸವರಿದರು. "ಅವತ್ತ ಸಂಜಿಕ ಮನಿಗೆ ಬಂದು ಹೇಳಿದ್ರು. 'ನಮ್ಮ ಕೆಲಸದಾಗ ನಾ ಎಂದೂ ಸುಳ್ಳು ಹೇಳಿದಾಂವಲ್ಲ, ಇವತ್ತ ಹೇಳಿ ಬಂದೇನಿ. ಆ ಮಿಷನ್ ಬಂದ್ ಆದಾಗ ಆ ಹುಡುಗಿ ಮಿಷನ್ ನೋಡಿ ಅಳಲಿಲ್ಲ, ಮುದುಕಿ ನೋಡಿ ಅತ್ತಳು. ಅಂಥಾಕಿ ಈ ಕೆಲಸದಾಗ ಉಳೀಬೇಕು. ನಂದೇನು, ನಾ ಮಾಡಿ ಮುಗಿಸಿದಾಂವ' ಅಂದ್ರು."

ಊರಿಗೆ ಮರಳಿದ ಮೇಲೆ ಪುಣೆಗೆ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದೆ. ಕಾಕಾ ಎಚ್ಚರಿಸಿದ್ದರು, ನಾನು ಮುಚ್ಚಿಟ್ಟೆ, ಏನು ಕ್ರಮ ತೆಗೆದುಕೊಂಡರೂ ಸೈ ಎಂದೆ. ಆ ಫೈಲು ಮುಗಿದಿದೆ ಎಂದು ಎರಡು ಸಾಲಿನ ಉತ್ತರ ಬಂತು. ನನ್ನ ಕೆಲಸ ಈಗಲೂ ಇದೆ. ದೊಡ್ಡ ತಂಗಿ ನರ್ಸಿಂಗ್ ಮುಗಿಸಿದಳು, ಸಣ್ಣವಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೂರು ಹೆಣ್ಣುಮಕ್ಕಳ ಬದುಕು ಆ ಒಂದು ಸುಳ್ಳಿನ ಮೇಲೆ ನಿಂತಿದೆ. ಅದನ್ನು ಹೇಳಿದವರ ಋಣ ನಾನು ಹೇಗೆ ತೀರಿಸಲಿ?

ಕಂಪನಿಯ ವರದಿಯಲ್ಲಿ ಇವತ್ತಿಗೂ ತಪ್ಪು ಅವರದೇ. ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ನಾಲ್ಕು ಮಂದಿ ಓದಲಿ ಎಂದು: ಲೈನ್‌ಮನ್ ಕಾಕಾ ಮೊದಲೇ ಹೇಳಿದ್ದರು. ಸರಿಯಾಗಿಯೇ ಹೇಳಿದ್ದರು. ಕೇಳದೆ ಹೋದವಳು ನಾನು.